ಕೆಳಗಿಟ್ಟ ಬಟ್ಟಲು

ಎಡಗಾಲು ಹೊರಕ್ಕೆ ತಿರುಗಿದೆ, ಶೂ ಹಾಕಿದ್ದರೂ ಕಾಣುತ್ತದೆ, ಬಲಗಾಲಿನ ಗುರುತು ಶಾಲೆಯ ಸಾಲಿನಲ್ಲಿ ನಿಂತ ಮಗುವಿನಂತೆ ನೆಟ್ಟಗೆ, ಎಡದ್ದು ಮಾತ್ರ ಬೇರೆ ಯಾರದೋ ಮನೆಗೆ ಹೊರಟಂತೆ ಪಕ್ಕಕ್ಕೆ — ಜೀಪಿನಿಂದ ಈ ನೆರಳಿನವರೆಗೆ ಮೂವತ್ತೊಂದು ಹೆಜ್ಜೆ, ಎಡದವು ಹದಿನೈದು, ಹದಿನೈದೂ ಹೊರಕ್ಕೆ. ನಾನು ಅಬು ನಾಯಿಫ್, ಹೆಜ್ಜೆ ನೋಡಿ ಒಂಟೆಯ ಯಾವ ಕಣ್ಣು ಕುರುಡು, ಅದರ ಅಜ್ಜಿ ಯಾರ ಹಟ್ಟಿಯಲ್ಲಿ ಹುಟ್ಟಿತ್ತು ಎಂದು ಹೇಳುವವನು, ಒಮ್ಮೆ ಚೇಳಿನ ಹೆಜ್ಜೆ ನೋಡಿ ಇದಕ್ಕೆ ಹೆಂಡತಿಯ ಮೇಲೆ ಸಿಟ್ಟು ಬಂದಿದೆ ಎಂದೆ, ಕಲ್ಲು ಎತ್ತಿದರೆ ನಿಜ, ಗಂಡ ಹೆಂಡತಿ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದವು, ಈ ವಾದಿ ರಮ್ ಮರುಭೂಮಿಯ ಮರಳೆಲ್ಲ ನನಗೆ ಬಿಡಿಸಿಟ್ಟ ಪತ್ರಿಕೆ — ಇಂಥ ನನಗೆ ನಿನ್ನೆಯಿಂದ ಈ ಒಬ್ಬ ಅತಿಥಿಯ ಹೆಜ್ಜೆ ಓದಲು ಬರುತ್ತಿಲ್ಲ. ಬರುತ್ತದೆ. ಮನಸ್ಸಿಲ್ಲ. ಕಾಫಿ ಉಕ್ಕುತ್ತಿದೆ, ಇಳಿಸಬೇಕು, ಏಲಕ್ಕಿ ಹಾಕಬೇಕು, ಈತ ಅಕಾಬಾ ಪಟ್ಟಣದ ಶಾಲೆಯ ಮೇಷ್ಟ್ರು ಅಂತೆ, ಹೆಸರು ರಾಕಾನ್ ಅಂತೆ, ಅಕಾಬಾ ಇಲ್ಲಿಂದ ಒಂದು ಗಂಟೆಯ ದಾರಿ, ಅಲ್ಲಿಯವನಿಗೆ ಮರಳು ನೋಡಲು ಗೈಡ್ ಬೇಕೆ, ಪೋಲೆಂಡಿನ ಗಂಡ ಹೆಂಡತಿ ಬಂದರೆ ಸರಿ, ಅವರ ದೇಶದಲ್ಲಿ ಬರೀ ಹಿಮ, ನಮ್ಮ ಸೂರ್ಯನನ್ನು ನೋಡಿ ಅಳುತ್ತಾರೆ, ಆದರೆ ಈತ ಒಂದು ರಾತ್ರಿ ಎರಡು ಹಗಲಿನ ಪ್ರವಾಸಕ್ಕೆ ಪರದೇಶಿಗಳ ಜೊತೆ ಅದೇ ಜೀಪಿನಲ್ಲಿ ಯಾಕೆ ಬರಬೇಕು, ಮತ್ತೆ ಆ ಚೀಲ, ತೊಡೆಯಿಂದ ಕೆಳಗಿಳಿಸದ ಚೀಲ, ರಾತ್ರಿ ತಲೆದಿಂಬು ಮಾಡಿಕೊಂಡ ಚೀಲ, ಅದರೊಳಗೇನಿದೆ.

ಮೊದಲನೇ ಬಟ್ಟಲು ನಿನ್ನೆ ಬೆಳಿಗ್ಗೆ, ಹಳ್ಳಿಯಲ್ಲಿ, ನನ್ನ ಮನೆಯ ಚಾಪೆಯ ಮೇಲೆ. ಇಡೀ ಜೋರ್ಡಾನಿನಲ್ಲಿ ನನ್ನ ಹಾಗೆ ಕಾಫಿ ಹುರಿಯುವವರಿಲ್ಲ, ನಾನು ಕುಟ್ಟುವ ಸದ್ದಿಗೆ ಸೌದಿಯ ಗಡಿಯಾಚೆಯ ಒಂಟೆಗಳು ಕಿವಿ ನಿಮಿರಿಸುತ್ತವೆ, ಪೋಲೆಂಡಿನ ಹೆಂಗಸು ಹಲೀನಾ ಮೂರು ಸಲ ಕುಡಿದು ಸಾಕೆನ್ನಲು ಬಟ್ಟಲು ಅಲುಗಿಸಬೇಕೆಂದು ಗೊತ್ತಿಲ್ಲದೆ ಒಂಬತ್ತು ಸಲ ಕುಡಿದಳು, ಆಕೆಯ ಗಂಡ ಮರೆಕ್ ಕಣ್ಣು ಬಿಡುತ್ತಾ ಹನ್ನೊಂದು, ಈತ — ಈತ ಬಟ್ಟಲು ಇಸಿದುಕೊಂಡ, ತುಟಿಯವರೆಗೂ ತರಲಿಲ್ಲ, ಎದುರಿಗೆ ನೆಲದ ಮೇಲಿಟ್ಟ, ತುಂಬಿದ್ದನ್ನು, ಒಂದು ಹನಿ ಚೆಲ್ಲದ ಹಾಗೆ, ಆಮೇಲೆ ನನ್ನ ಮುಖ ನೋಡಿದ. ಕೋರಿಕೆ ಇದ್ದವನು ಇಡುವುದೇ ಹಾಗೆ. ಆಗ ಮನೆಯವನು, ನಿನ್ನ ಕಾಫಿ ಕುಡಿ, ಕೇಳಿದ್ದು ಕೊಟ್ಟಾಯಿತು, ಎನ್ನಬೇಕು, ಏನು ಕೇಳುತ್ತಾನೆಂದು ತಿಳಿಯುವ ಮೊದಲೇ ಎನ್ನಬೇಕು, ಹೆಣ್ಣು ಕೇಳಲಿ, ಕೊಲೆಗೆ ಕ್ಷಮೆ ಕೇಳಲಿ, ಅಂದ ಮೇಲೆ ಹಿಂದೆಗೆಯುವ ಹಾಗಿಲ್ಲ, ಅನ್ನುವವರೆಗೆ ಅವನೂ ಬಾಯಿ ಬಿಡುವ ಹಾಗಿಲ್ಲ. ನನ್ನ ಅಜ್ಜ ಹೀಗೆ ಒಂದು ಬಟ್ಟಲಿಗೆ ತನ್ನ ಕುದುರೆಯನ್ನೇ ಕೊಟ್ಟ, ನಾನು ಹೇಳುವಾಗ ನಲವತ್ತು ಕುದುರೆ. ಆ ಅಜ್ಜನ ಮೊಮ್ಮಗ ಏನು ಮಾಡಿದ, ಎದ್ದ, ಟಯರಿಗೆ ಗಾಳಿ ನೋಡಬೇಕು ಎಂದ, ಹೊರಗೆ ಹೋಗಿ ನಾಲ್ಕೂ ಟಯರು ಒದ್ದ. ಬಾಗಿಲಲ್ಲಿ ಹೆಂಡತಿ ಅಡ್ಡ ನಿಂತಳು, ಬಟ್ಲು ಕೆಳಗಿಟ್ಟಿದ್ದಾನಲ್ರೀ, ಕಾಣಿಸ್ಲಿಲ್ವಾ? ಪಟ್ಟಣದೋನು ಕಣೇ, ಹೊಟ್ಟೆ ಉರಿ ಇರ್ಬೇಕು. ಹೊಟ್ಟೆ ಉರಿ ಇರೋನು ಅಷ್ಟು ಮೆಲ್ಲಗೆ ಇಡ್ತಾನಾ? ಊರಿಗೆಲ್ಲ ಚೇಳಿನ ಸಂಸಾರ ಹೇಳೋರಿಗೆ ಮನೆಯೊಳಗಿನ ಬಟ್ಲು ಕಾಣಲ್ಲ! ಕಂಡಿತು ಕಣೇ, ಕಂಡಿದ್ದಕ್ಕೇ ಓಡಿದೆ. ಆಗ ಅಂದುಕೊಂಡೆ ನನ್ನ ಮಗಳು ತರ್ಫಾಳನ್ನು ಕೇಳಲು ಬಂದಿದ್ದಾನೆ, ಅವಳು ಖರ್ಜೂರದ ತಟ್ಟೆ ತಂದಾಗ ತಲೆ ತಗ್ಗಿಸಿದ್ದ, ತಲೆ ತಗ್ಗಿಸುವವರನ್ನು ನಂಬಲೇಬಾರದು — ಆದರೆ ಹೆಣ್ಣು ಕೇಳಲು ಒಬ್ಬನೇ ಬರುತ್ತಾನೆಯೆ, ಹಿರಿಯರಿಲ್ಲದೆ. ಹಾಗಾದರೆ ಸಬ್ಬಾಹ್ ಕಳಿಸಿದವನು, ನನ್ನ ದೊಡ್ಡಪ್ಪನ ಮಗ ಸಬ್ಬಾಹ್, ಗಾಜಿನ ಗುಮ್ಮಟದ ಗುಡಾರ ಹಾಕಿ ನನ್ನ ಗಿರಾಕಿಗಳನ್ನೆಲ್ಲ ನುಂಗಿದವನು, ನಾನೆಲ್ಲಿಗೆ ಕರೆದೊಯ್ಯುತ್ತೇನೆ, ಏನು ಕಥೆ ಹೇಳುತ್ತೇನೆ, ಬರೆದುಕೊಂಡು ಬಾ ಎಂದಿರುತ್ತಾನೆ, ಚೀಲದಲ್ಲಿ ನೋಟು ಪುಸ್ತಕ. ಹಗಲೆಲ್ಲ ಕನ್ನಡಿಯಲ್ಲಿ ನೋಡಿದೆ, ಈತ ಏನೂ ಬರೆಯಲಿಲ್ಲ. ಬಂಡೆಗಳನ್ನೂ ನೋಡಲಿಲ್ಲ. ನನ್ನ ಕತ್ತಿನ ಹಿಂಭಾಗವನ್ನು ನೋಡುತ್ತಿದ್ದ.

ಎರಡನೆಯದು ನಿನ್ನೆ ಸಂಜೆ, ಬಿಡಾರದಲ್ಲಿ, ಬೂದಿಯೊಳಗೆ ರೊಟ್ಟಿ ಬೇಯುತ್ತಿದ್ದಾಗ, ಸೂರ್ಯ ಇನ್ನೂ ಬಂಡೆಯ ಮೇಲಿದ್ದ. ಹಲೀನಾ ಫೋನು ತೆಗೆದು ಕೇಳಿದಳು, ಅಬು ನಾಯಿಫ್, ನಿಮ್ಮ ಬಗ್ಗೆ ಇಲ್ಲಿ ಎಲ್ರೂ ಬರ್ದಿದ್ದಾರೆ, ಬಂಡೆಯ ಕಮಾನಿನಿಂದ ಬಿದ್ದ ಗೆಳೆಯನನ್ನ ನೀವು ಒಂಬತ್ತು ಗಂಟೆ ಹೊತ್ಕೊಂಡು ನಡೆದ್ರಂತೆ, ಆ ಕಥೆ ಹೇಳಿ. ಮರೆಕ್ ನಡುವೆ ಬಾಯಿ ಹಾಕಿದ, ಹೋದ ವರ್ಷದೋರು ಏಳು ಗಂಟೆ ಅಂತ ಬರ್ದಿದ್ದಾರೆ. ದಾರಿ ಉದ್ದ ಆಗಿದೆ, ಮರಳು ಜರುಗುತ್ತೆ, ಅಂದೆ, ಇಬ್ಬರೂ ಬಿದ್ದು ಬಿದ್ದು ನಕ್ಕರು. ಹೇಳಿದೆ. ಹೇಳದೆ ಇರಲು ಬರುವುದಿಲ್ಲ ನನಗೆ, ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದೇನೆ, ಮುಸಲ್ಲಮ್ ಎಂಬ ಗೆಳೆಯ, ಆಚೆ ಹಳ್ಳಿಯ ಡ್ರೈವರು, ಉಮ್ ಜನಾಹ್ ಕಮಾನಿನ ತುದಿಯಲ್ಲಿ ಹದ್ದಿನ ಹಾಗೆ ನಿಂತ, ಬಿರುಗಾಳಿ ಎದ್ದಿತು, ಬಿದ್ದ, ನಾನು ಬೆನ್ನ ಮೇಲೆ ಹೊತ್ತೆ, ಬಿಸಿಲಿಗೆ ನನ್ನ ಚಪ್ಪಲಿ ಕರಗಿತು, ಎರಡು ತೋಳ ಹಿಂಬಾಲಿಸಿದವು, ಕಡೆಯ ಗಳಿಗೆಯಲ್ಲಿ ಅವನು ಕುಲದ ಹೆಸರೆತ್ತಿ ನಾಲ್ಕು ಸಾಲು ಪದ್ಯ ಹೇಳಿ ಕಣ್ಣು ಮುಚ್ಚಿದ. ಹಲೀನಾ ಕಣ್ಣೊರೆಸಿಕೊಂಡಳು, ಎಲ್ಲರೂ ಪದ್ಯದ ಹತ್ತಿರವೇ ಒರೆಸಿಕೊಳ್ಳುತ್ತಾರೆ. ಬೆಂಕಿಯಾಚೆಯಿಂದ ಈತ, ನಮ್ಮ ಮಾತಿನಲ್ಲಿ, ಮೆಲ್ಲಗೆ, ಚಿಕ್ಕಪ್ಪಾ, ಬೀಳೋ ಮುಂಚೆ ಅವರು ನಿಮ್ಮನ್ನ ಏನಾದ್ರೂ ಕೇಳಿದ್ರಾ? ಬೂದಿ ಕೆದಕುತ್ತಿದ್ದ ಕಡ್ಡಿ ನನ್ನ ಕೈಯಲ್ಲೇ ನಿಂತಿತು. ಗಾಳಿ ಕಣಪ್ಪಾ, ಗಾಳೀಲಿ ಏನು ಕೇಳ್ಸುತ್ತೆ. ಆತ ತಲೆಯಾಡಿಸಿದ, ಕೊಟ್ಟ ಬಟ್ಟಲನ್ನು ಮರಳ ಮೇಲಿಟ್ಟ, ತುಂಬಿದ್ದನ್ನು, ನನ್ನ ಮುಖ ನೋಡಿದ. ನಾನು ರೊಟ್ಟಿ ತೆಗೆಯಲು ಎದ್ದೆ, ನನ್ನ ನಿಲುವಂಗಿಯ ಅಂಚು ತಗುಲಿ ಬಟ್ಟಲು ಉರುಳಿತು, ಅಯ್ಯೋ ಎಂದೆ, ಅಂಚು ತಾನಾಗಿ ತಗುಲಲಿಲ್ಲ, ನಾನು ಒದ್ದೆ. ಅತಿಥಿಯ ಬಟ್ಟಲನ್ನು ಒದ್ದೆ. ನಮ್ಮ ಹಟ್ಟಿಯ ನಾಯಿಯೂ ಮಾಡದ ಕೆಲಸ.

ಈಗ ಮೂರನೆಯದು. ಕಮಾನು ತಲೆಯ ಮೇಲೆ ಇದೆ, ಎರಡು ಬೆಟ್ಟದ ನಡುವೆ ಚಾಚಿದ ಕೆಂಪು ತೋಳು, ಮರೆಕ್ ಕುತ್ತಿಗೆ ಮುರಿಯುವ ಹಾಗೆ ಹಿಂದಕ್ಕೆ ಬಾಗಿ ಫೋಟೋ ತೆಗೆಯುತ್ತಿದ್ದಾನೆ, ಬೆಳಗಿನ ಬಿಸಿಲು ಇನ್ನೂ ಬುಡಕ್ಕೆ ಇಳಿದಿಲ್ಲ, ಮೊದಲು ಅವರಿಬ್ಬರಿಗೆ ಸುರಿದೆ, ಈಗ ಈತನಿಗೆ, ಇಸಿದುಕೊಂಡ, ಕುಡಿಯಪ್ಪಾ, ಒಂದು ಗುಟುಕು, ನನ್ನ ಮಗಳನ್ನೇ ಕೇಳು, ಜೀಪು ಕೇಳು — ಇಟ್ಟ. ನನ್ನ ಕಣ್ಣು ಬಟ್ಟಲಿನಿಂದ ಜಾರಿ ಅವನ ಹೆಜ್ಜೆಯ ಮೇಲೆ ಬಿತ್ತು, ಎಡದ್ದು ಹೊರಕ್ಕೆ, ಇನ್ನು ಓದದೆ ಗತಿಯಿಲ್ಲ. ಅಂದು ಮುಸಲ್ಲಮ್‌ನದು ಇದೇ ಹೆಜ್ಜೆಯ ಸಾಲು, ಇದೇ ನೆರಳಿನಿಂದ, ಇದೇ ಬುಡಕ್ಕೆ, ಟಯರು ರಬ್ಬರಿನ ಚಪ್ಪಲಿಯದು, ಅದನ್ನು ಬಂಡೆಯ ಬುಡದಲ್ಲಿ ಬಿಟ್ಟು ಬರಿಗಾಲಲ್ಲಿ ಹತ್ತಿದ್ದ, ಎಡಗಾಲಿನ ಬೆರಳು ಹೊರಕ್ಕೆ. ಬಂಡೆಯ ಕಡೆಗೆ ಹೋದ ಹೆಜ್ಜೆ. ಮರಳಿ ಬಂದ ಹೆಜ್ಜೆ ಇರಲಿಲ್ಲ, ಅವನನ್ನು ಹೊತ್ತ ನನ್ನ ಹೆಜ್ಜೆ ಇತ್ತು, ಆಳವಾಗಿ, ಅಂದು ದೂರ ನಿಲ್ಲಿಸಿದ್ದ ಜೀಪಿನವರೆಗೆ, ನಾನೂರು, ಒಂಬತ್ತು ಗಂಟೆಯಲ್ಲ, ನಾನೂರು ಹೆಜ್ಜೆ. ಗಾಳಿ ಇರಲಿಲ್ಲ. ತೋಳ ಇರಲಿಲ್ಲ. ಬಿರುಗಾಳಿ ಎಲ್ಲಿಂದ ಬರಬೇಕು, ಅಂದು ಹೊಗೆ ಕೂಡ ನೆಟ್ಟಗೆ ಏರುತ್ತಿತ್ತು, ಇದ್ದದ್ದು ನನ್ನ ನಾಲಗೆ ಒಂದೇ — ಉಮ್ ಜನಾಹ್ ಅನ್ನು ನೂರು ಸಲ ಹತ್ತಿದ್ದೇನೆ, ಒಮ್ಮೆ ಕಣ್ಣಿಗೆ ಬಟ್ಟೆ ಕಟ್ಟಿ, ಒಮ್ಮೆ ಹೆಗಲ ಮೇಲೆ ಆಡಿನ ಮರಿ ಹೊತ್ತು, ಎಂದು ವರ್ಷಗಟ್ಟಲೆ ಊದಿದ್ದೆ, ಹತ್ತಿದ್ದು ಒಂದೇ ಸಲ, ಒಂದಾಳೆತ್ತರ, ಹೆದರಿ ಇಳಿದಿದ್ದೆ, ನೋಡಿದವರಿರಲಿಲ್ಲ. ಮುಸಲ್ಲಮ್ ನಂಬಿದ. ನಂಬಿದವನು ಅವನೊಬ್ಬನೇ, ಉಳಿದವರು ನಗುತ್ತಿದ್ದರು. ದಾರಿ ನಿಂಗೆ ಗೊತ್ತಲ್ಲ, ನೀನು ಕೆಳಗಿಂದ ಹೇಳು, ನಾನು ಹತ್ತೀನಿ, ಅಂದ. ಆರಾಳೆತ್ತರದಲ್ಲಿ ಬಂಡೆಗೆ ಎದೆ ಒತ್ತಿ ನಿಂತ, ಎಡಗಾಲು ಹೊರಬಂತು, ಗಾಳಿಯಲ್ಲಿ ತಡಕಿತು, ಎಡಗಾಲು ಎಲ್ಲಿಡ್ಲೋ? ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಕೆಳಗೆ, ಒಂದು ಗೇಣು ಎಡಕ್ಕೆ, ಗಟ್ಟಿ ಹಿಡಿತ ಐತೆ, ಇಡು, ಎಂದೆ. ಇಟ್ಟ. ಜೀಪಿನ ಹತ್ತಿರ ಅವನು ಪದ್ಯ ಹೇಳಲಿಲ್ಲ. ಅಲ್ಲೇನೂ ಇರ್ಲಿಲ್ಲ ಕಣೋ, ಎಂದ. ಬೈದು ಹೇಳಲಿಲ್ಲ, ಆಶ್ಚರ್ಯದಿಂದ ಹೇಳಿದ, ಅಲ್ಲೇನೂ ಇರ್ಲಿಲ್ಲ. ಅವನ ಹೆಂಡತಿ ಅಕಾಬಾದ ಅಣ್ಣಂದಿರ ಮನೆಗೆ ಹೋದಳು, ಮೂರು ವರ್ಷದ ಮಗು, ಹೆಸರು ನಾನು ಕೇಳಲಿಲ್ಲ, ಮರಳಿನ ಇಲಿ ಎಂದು ಎಲ್ಲರೂ ಕರೆಯುತ್ತಿದ್ದರು, ಸಾವಿನ ಗುಡಾರದ ಬಾಗಿಲಲ್ಲಿ ದೊಡ್ಡವರ ಚಪ್ಪಲಿಗಳ ನಡುವೆ ತಪ್ಪು ಹೆಜ್ಜೆ ಇಡುತ್ತಿತ್ತು, ಎಡಗಾಲು ಹೊರಕ್ಕೆ.

ಆ ಮಗುವೇ ಈತ, ಹಾಗಾದರೆ ಚೀಲದಲ್ಲಿ ಚಾಕು. ಇರಲಿ, ಇದ್ದರೂ ಇರಲಿ. ಬಟ್ಟಲಿನ ಮೇಲೆ ನೊಣವೊಂದು ಸುತ್ತುತ್ತಿದೆ, ನೆಪಕ್ಕೆ ಸಾಕು, ಓಡಿಸುವ ಹಾಗೆ ಮಾಡಿ ಉರುಳಿಸಬಹುದು, ಕೈ ಮುಂದೆ ಹೋಯಿತು, ನನ್ನ ಕೈಯನ್ನು ಅವನು ನೋಡುತ್ತಿದ್ದಾನೆ, ತಡೆಯುತ್ತಿಲ್ಲ, ಕಾಯುತ್ತಿದ್ದಾನೆ, ನಾಲ್ಕನೆಯದನ್ನೂ ಇಡುತ್ತಾನೆ, ನಲವತ್ತನೆಯದನ್ನೂ. ಕುಡಿ ಮಗಾ, ಕೇಳಿದ್ದು ಕೊಟ್ಟಾಯ್ತು. ಅಂದವನು ನಾನೇ, ದನಿ ಮಾತ್ರ ಅಜ್ಜನದು. ಬಂದು ಕುಡಿತೀನಿ ಚಿಕ್ಕಪ್ಪಾ, ದಾರಿ ನೀವು ಹೇಳ್ತೀರಿ ಅಂತ ಅಪ್ಪ ಅವತ್ತು ಮನೇಲಿ ಹೇಳಿ ಹೊರಟಿದ್ರಂತೆ, ಈಗ ನಾನು ಹತ್ತುತೀನಿ, ಒಂದು ಕಡೆ ನಿಂತು ಕಾಲು ಎಲ್ಲಿಡ್ಲಿ ಅಂತ ಕೇಳ್ತೀನಿ, ನೀವು ಕೆಳಗಿಂದ ಹೇಳ್ಬೇಕು, ಅಷ್ಟೇ. ಅಷ್ಟೇ ಅಂತೆ! ಬೇಡ ಕಣೋ, ಬೇರೆ ಏನಾದ್ರೂ ಕೇಳು. ಕೊಟ್ಟಾಯ್ತು ಅಂದ್ರಲ್ಲ. ಚೀಲ ಬಿಚ್ಚಿದ, ಒಂದು ಜೊತೆ ಹಳೆಯ ಚಪ್ಪಲಿ, ಟಯರು ರಬ್ಬರಿನದು, ಬಂಡೆಯ ಬುಡದಲ್ಲಿ ಇಟ್ಟ, ಶೂ ಕಳಚಿ ಪಕ್ಕದಲ್ಲಿಟ್ಟ, ಬರಿಗಾಲು, ಹೋಗುತ್ತಿರುವ ಹೆಜ್ಜೆ, ಎಡದ್ದು ಹೊರಕ್ಕೆ, ಹೋಗುತ್ತಿರುವ, ಹೋಗುತ್ತಿರುವ. ಒಂದಾಳು, ಎರಡಾಳು, ಮರೆಕ್ ಚಪ್ಪಾಳೆ ತಟ್ಟುತ್ತಿದ್ದಾನೆ, ಸುಮ್ನಿರಯ್ಯಾ, ನಾಲ್ಕಾಳು, ಆರು, ಎದೆ ಒತ್ತಿದ, ಎಡಗಾಲು ಹೊರಬಂತು, ತಡಕುತ್ತಿದೆ, ಬೆರಳು ಬಿಚ್ಚಿವೆ, ಚಿಕ್ಕಪ್ಪಾ, ಎಡಗಾಲು ಎಲ್ಲಿಡ್ಲಿ? ಅಲ್ಲೊಂದು ಕಪ್ಪು ಗೆರೆ ಕಾಣುತ್ತದೆ, ಹಿಡಿತದ ಹಾಗೇ ಕಾಣುತ್ತದೆ, ಅಂದೂ ಹಾಗೇ ಕಾಣಿಸಿತ್ತು, ಒಂದು ಗೇಣು ಎಡಕ್ಕೆ ಎನ್ನುವುದು ಹಲ್ಲಿನವರೆಗೆ ಬಂದು ನಿಂತಿದೆ, ಇಪ್ಪತ್ತೆರಡು ವರ್ಷದಿಂದ ಅಲ್ಲೇ ನಿಂತಿದೆ, ನುಂಗು, ನುಂಗು — ಗೊತ್ತಿಲ್ಲ! ಏನು? ಗೊತ್ತಿಲ್ಲ ಕಣೋ! ನಾನು ಯಾವತ್ತೂ ಹತ್ತಿಲ್ಲ! ಅವತ್ತೂ ಗೊತ್ತಿರ್ಲಿಲ್ಲ, ಬಾಯಿಗೆ ಬಂದಿದ್ದು ಹೇಳ್ದೆ, ನಿಮ್ಮಪ್ಪ ನಂಬಿದ, ಇಳಿಯೋ, ಬಂದ ದಾರೀಲೇ ಇಳಿಯೋ! ಬಂಡೆ ಆ ಮಾತನ್ನು ಎತ್ತಿಕೊಂಡು ಎದುರು ಬೆಟ್ಟಕ್ಕೆ ಕೊಟ್ಟಿತು, ಅದು ಇನ್ನೊಂದಕ್ಕೆ, ಗೊತ್ತಿಲ್ಲ, ಗೊತ್ತಿಲ್ಲ, ಏಳು ಬೆಟ್ಟ ಎನ್ನುತ್ತಿದ್ದೆ ಬೇರೆ ದಿನವಾಗಿದ್ದರೆ, ಎರಡು, ಎರಡೇ ಬೆಟ್ಟ. ಹಲೀನಾ ನನ್ನ ತೋಳು ಹಿಡಿದು ಕೇಳುತ್ತಿದ್ದಾಳೆ, ಏನಂತ ಕೂಗಿದ್ರಿ? ಅವಳಿಗೆ ತಿಳಿಯುವ ಮಾತಿನಲ್ಲೂ ಹೇಳಿದೆ. ಅವಳ ಕೈ ಮೆಲ್ಲಗೆ ನನ್ನ ತೋಳು ಬಿಟ್ಟಿತು.

ಆ ಕಾಲು ಇನ್ನೂ ಗಾಳಿಯಲ್ಲಿದೆ. ಆಮೇಲೆ ಇಲ್ಲ. ಮೊದಲಿದ್ದ ಜಾಗಕ್ಕೆ ಹೋಯಿತು, ಅದರ ಕೆಳಗಿನದಕ್ಕೆ, ಮೊಣಕಾಲು ತರಚಿದೆ, ಎರಡಾಳು, ಒಂದಾಳು, ಧುಮುಕಿದ. ನನ್ನ ಕಡೆ ಬರುತ್ತಿದ್ದಾನೆ, ಹೊಡೆಯಲಿ, ಹೊಡೆಯಲಿಲ್ಲ, ಕೂತ, ತಣ್ಣಗಾದ ಕಾಫಿ ಎತ್ತಿದ, ನೊಣ ಊದಿದ, ಕುಡಿದ. ಬಟ್ಟಲು ನನ್ನ ಮುಂದೆ ಹಿಡಿದ. ಸಾಕು ಎನ್ನುವವನು ಅಲುಗಿಸುತ್ತಾನೆ. ಅಲುಗಿಸಲಿಲ್ಲ. ಆಮೇಲೆ ಏನಂದ್ರು ನಮ್ಮಪ್ಪ, ಕಣ್ಣು ಮುಚ್ಚೋ ಮುಂಚೆ? ಸುರಿಯುತ್ತಿದ್ದೇನೆ, ಹೇಳುತ್ತೇನೆ, ಮಗಾ, ಹೇಳುತ್ತೇನೆ, ನಾಲ್ಕು ಸಾಲಿಲ್ಲ, ಒಂದೇ ಸಾಲು, ಒಂದು ಗಳಿಗೆ ತಡಿ, ಅವನ ಬೆನ್ನ ಹಿಂದೆ ಮರಳು ಕಾಣುತ್ತಿದೆ, ಬುಡದಲ್ಲಿ ಆ ಚಪ್ಪಲಿ, ಅಲ್ಲಿಂದ ಒಂದು ಬಲ, ಒಂದು ಎಡ, ಒಂದು ಬಲ — ಎಡದ್ದು, ಬೆರಳು ಹೊರಕ್ಕೆ, ಬಂಡೆಯಿಂದ ಈಚೆಗೆ, ಈಚೆಗೆ ಬಂದ ಎಡಹೆಜ್ಜೆ