ಒಲೆಯ ಮೇಲೆ ಬಿಟ್ಟ ದಾಸವಾಳ

ಶಾಲೆಯಲ್ಲಿ ಟೀಚರ್ ಒಂದೊಂದೇ ಮಗುವನ್ನು ನಿಲ್ಲಿಸಿ ಅಮ್ಮನ ಹೆಸರು ಕೇಳಿದ್ದರು. ಒಟ್ಟು ಕುಟುಂಬವೊಂದರ ಕಿರಿಯ ಸೊಸೆಯ ಮಗಳು ಎದ್ದು ನಿಂತು, ಒಂದಿಷ್ಟೂ ತಡವರಿಸದೆ, "ಲೋಳೆ" ಎಂದಿದ್ದಳು. ಸಂಜೆ ಮಗುವನ್ನು ಕರೆದೊಯ್ಯಲು ಬಂದ ತಾಯಿಗೆ ಟೀಚರ್ ನಗುತ್ತಲೇ ಕೇಳಿದರು.

"ಮನೇಲಿ ಮುದ್ದಿಗೆ ಹಾಗೆ ಕರೀತಾರಾ?"

"ಹೌದು. ಬಹಳ ಮುದ್ದು."

ದಾರಿಯಲ್ಲಿ ಅವಳು ಮಗುವಿನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅದು "ಅಮ್ಮಾ, ನೋಯತ್ತೆ" ಎಂದು ಎಳೆದುಕೊಂಡಿತು. ಬಿಟ್ಟಳು. ಮಗುವಿನದೇನು ತಪ್ಪು? ಹುಟ್ಟಿದಾಗಿನಿಂದ ಅದು ಕೇಳಿಸಿಕೊಂಡಿದ್ದೇ ಅದು.

ಆ ಹೆಸರು ಅವಳಿಗೆ ಅಂಟಿದ್ದು ಮದುವೆಯ ಹೊಸತರಲ್ಲಿ. ಗಂಡನ ಕಡೆಯ ನೆಂಟರೆಲ್ಲ ಸೇರಿದ್ದ ಒಂದು ಮಧ್ಯಾಹ್ನ, ತವರಿನಲ್ಲಿ ಎಲ್ಲರೂ ಕೇಳಿ ಕೇಳಿ ಕುಡಿಯುತ್ತಿದ್ದ ದಾಸವಾಳದ ಶರಬತ್ತನ್ನು ಇಲ್ಲೂ ಮಾಡಿ ಸೈ ಎನಿಸಿಕೊಳ್ಳಲು ಹೋಗಿದ್ದಳು. ಲೋಟ ಎತ್ತಿದವರ ತುಟಿಗೂ ಲೋಟಕ್ಕೂ ನಡುವೆ ಎಳೆ ನಿಂತಿತು. ಓರಗಿತ್ತಿ, ಅಂದರೆ ಭಾವನ ಹೆಂಡತಿ, ಎದ್ದು ಹೋಗಿ ಎಲ್ಲರಿಗೂ ಕಾಣುವ ಹಾಗೆ ಬೇಸಿನ್ನಿಗೆ ಉಗಿದಿದ್ದಳು. "ಇದೇನೇ ಇದು, ನೆಗಡಿಯಾದವರ ಮೂಗಿಂದ ಇಳಿಸಿದ ಹಾಗಿದೆ. ಬರೀ ಲೋಳೆ." ಮನೆಯೆಲ್ಲ ನಕ್ಕಿತು. ನಗು ಅವತ್ತೇ ಮುಗಿಯಿತು, ಹೆಸರು ಉಳಿಯಿತು. ಓರಗಿತ್ತಿಯ ಮಕ್ಕಳಿಗೆ ಅವಳು ಲೋಳೆ ಚಿಕ್ಕಮ್ಮ. ಭಾವನಿಗೆ "ಲೋಳೆ, ಒಂದು ಕಾಫಿ". ಆಮೇಲೆ ಎಷ್ಟೋ ಸಲ ಶರಬತ್ತನ್ನು ಚೆನ್ನಾಗಿ ಮಾಡಿದಳು. ಎರಡೆರಡು ಲೋಟ ಹೀರಿ, ಬಾಯಿ ಒರೆಸಿಕೊಂಡು, "ಚೆನ್ನಾಗಿದೆ ಲೋಳೆ" ಎನ್ನುತ್ತಿದ್ದರು. ಲಿಫ್ಟ್ ರಿಪೇರಿ ಮಾಡುವ ಗಂಡನಿಗೆ ಹೇಳಿದರೆ, "ಕರೆದ್ರೆ ಮೈ ಸವೆಯತ್ತಾ, ಬಿಡು" ಎಂದ. ಅವನ ಮೈ ಸವೆದಿರಲಿಲ್ಲ.

ಅವತ್ತು ಕೆಟ್ಟಿದ್ದು ಹೇಗೆಂದು ಅವಳಿಗೆ ಅರ್ಥವೇ ಆಗಿರಲಿಲ್ಲ. ತವರಿನಲ್ಲಿ ಮಾಡಿದ ಹಾಗೆಯೇ ಮಾಡಿ, ನೆಂಟರ ಗಡಿಬಿಡಿಯಲ್ಲಿ ರುಚಿಯನ್ನೂ ನೋಡದೆ ತಂದಿಟ್ಟಿದ್ದಳು.

ಅರ್ಥವಾದದ್ದು ಟೀಚರ್ ನಕ್ಕ ಆ ಸಂಜೆಯೇ. ಅಡುಗೆಮನೆಯಲ್ಲಿ ಅತ್ತೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ಒಲೆಯ ಮೇಲೆ ಹಾಲು ತಳಹಿಡಿದು ಮನೆಯೆಲ್ಲ ಸೀದ ವಾಸನೆ ಹೊಡೆಯುತ್ತಿತ್ತು. ಅದು ಹಿರಿಯ ಸೊಸೆಯ ಕೆಲಸವೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವಳಿಗೆ ಒಂದು ಚಾಳಿ. ಒಲೆಯ ಮೇಲೆ ಯಾವ ಪಾತ್ರೆ ಇದ್ದರೂ ಹೊರಗಿಂದ ಮುಟ್ಟಿ ನೋಡುತ್ತಾಳೆ. ಕೈ ಸುಡದಿದ್ದರೆ "ಆರಿಹೋಗಿದೆ" ಎಂದು ಉರಿ ಹಚ್ಚಿ ಹೋಗುತ್ತಾಳೆ. ಹಚ್ಚುವುದು ಅವಳು, ತಳ ಉಜ್ಜುವುದು ಕಿರಿಯವಳು.

"ಇವಳ ಕೈಗೆ ಬೆಂಕಿ ಬೀಳ. ಅವತ್ತು ನಿನ್ನ ಶರಬತ್ತೂ ಹೀಗೇ ತಾನೆ ಕೆಟ್ಟಿದ್ದು" ಎಂದರು ಅತ್ತೆ, ಬೆಳ್ಳುಳ್ಳಿಯಿಂದ ಕಣ್ಣೆತ್ತದೆ.

ಪಾತ್ರೆ ಉಜ್ಜುತ್ತಿದ್ದ ಅವಳ ಕೈ ನಿಂತಿತು. "ಯಾವತ್ತು?"

"ಅದೇ, ನೆಂಟರೆಲ್ಲ ಬಂದಿದ್ರಲ್ಲ. ಹೂ ನೀರಲ್ಲಿ ಹಾಕಿಟ್ಟು ಸೀರೆ ಬದಲಾಯಿಸ್ಕೊಂಡು ಬರ್ತೀನಿ ಅಂತ ಹೋದೆ ನೀನು. ಇವಳು ಬಂದು ಹಚ್ಚಿದ್ಳು. ಕೊತಕೊತ ಕುದೀತು."

"ಕುದ್ದಿದ್ದು ಅವರಿಗೆ ಗೊತ್ತಿತ್ತಾ?"

"ಆರಿಸಿದ್ದೂ ಅವಳೇ, ಗೊತ್ತಿಲ್ದೆ ಏನು?"

"ನೀವು ಆಗಲೇ ಒಂದು ಮಾತು ಹೇಳಬಹುದಿತ್ತಲ್ಲ ಅತ್ತೆ."

"ನನ್ನ ಯಾರು ಕೇಳಿದ್ರು?" ಎಂದರು ಅತ್ತೆ, ನಿಜಕ್ಕೂ ಆಶ್ಚರ್ಯದಿಂದ.

ಕಿರಿಯವಳು ಮತ್ತೆ ಉಜ್ಜತೊಡಗಿದಳು. ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು. ಸಿಟ್ಟಿನಲ್ಲಿ ಒತ್ತಿದರೆ ಗಾಜು ಒಡೆಯುತ್ತದೆ, ತಾಳ್ಮೆಯಿಂದ ಉಜ್ಜಿದರೆ ಕೂರುತ್ತದೆ. ಗಂಡನ ಮುಂದೆ ಅಳುವುದು, ಓರಗಿತ್ತಿಯ ಮುಂದೆ ಕೂಗಾಡುವುದು, ಎರಡೂ ದಂಡ. ಕೂಗಿದರೆ "ಲೋಳೆಗೆ ಕೋಪ ಬಂತು" ಎಂದು ಇನ್ನೊಂದು ಸುತ್ತು ನಗುತ್ತಾರೆ. ಅವಳಿಗೆ ಬೇಕಾಗಿದ್ದುದು ಸಮಾಧಾನವಲ್ಲ. ಆ ಹೆಸರು ಬಿಸಿ ಕೆಂಡದ ಹಾಗೆ ತನ್ನ ಮೈಮೇಲಿಂದ ಇಳಿದು, ಹಚ್ಚಿದವಳ ಮೈಮೇಲೇ ಬೀಳಬೇಕಿತ್ತು.

ಅವಕಾಶ ತಾನಾಗಿ ನಡೆದು ಬಂತು. ಹಿರಿಯವಳ ಅಣ್ಣ ಮತ್ತು ಅತ್ತಿಗೆ ಭಾನುವಾರ ಊಟಕ್ಕೆ ಬರುವವರಿದ್ದರು. ಆ ಅತ್ತಿಗೆ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಅವಳಿಗೂ ಹಿರಿಯವಳಿಗೂ ಮೊದಲಿನಿಂದ ಹಾವು ಮುಂಗುಸಿ.

"ಅಂಗಡಿ ಬಾಟ್ಲಿ ತಂದಿಟ್ರೆ ವರ್ಷವೆಲ್ಲ ಆಡ್ಕೋತಾಳೆ. ಆ ದಾಸವಾಳದ್ದು ಮಾಡು" ಎಂದಳು ಹಿರಿಯವಳು. "ಆದ್ರೆ ಲೋಳೆ ಬರಬಾರ್ದು ನೋಡು, ಲೋಳೆ."

"ಮಾಡ್ತೀನಿ ಅಕ್ಕ. ಆದ್ರೆ ನಾನು ಮಾಡಿದ್ದು ಅಂದ್ರೆ ಅವರು ಮೂಗು ಮುರೀತಾರೆ. ನೀವೇ ಮಾಡಿದ್ದು ಅಂತ ಹೇಳ್ಬಿಡಿ."

ಹಿರಿಯವಳು ಒಂದು ಗಳಿಗೆ ಅವಳ ಮುಖ ನೋಡಿದಳು. "ಇದು ಬುದ್ಧಿವಂತಿಕೆ ಮಾತು" ಎಂದಳು.

ಭಾನುವಾರ ಬೆಳಿಗ್ಗೆ ಕಿರಿಯವಳು ಹಿತ್ತಲಿನ ಗಿಡದಿಂದ ಆಗತಾನೆ ಅರಳಿದ ಕೆಂಪು ದಾಸವಾಳಗಳನ್ನು ಮಡಿಲು ತುಂಬ ಕಿತ್ತಳು. ಹಸಿರು ತೊಟ್ಟು ಕಿತ್ತು, ನಡುವಿನ ಕೇಸರದ ಕಡ್ಡಿ ಎಳೆದು ಬಿಸಾಡಿ, ಎಸಳುಗಳನ್ನಷ್ಟೇ ತೊಳೆದಳು. ನೀರು ಕುದಿಸಿ, ಉರಿ ಆರಿಸಿ, ಎಸಳು ಸುರಿದು ತಟ್ಟೆ ಮುಚ್ಚಿದಳು. ಕ್ಷಣದಲ್ಲಿ ಎಸಳಿನ ಬಣ್ಣವೆಲ್ಲ ನೀರಿಗಿಳಿದು ನೇರಳೆಯಾಯಿತು, ಎಸಳು ಬಿಳಿಚಿಕೊಂಡವು. ಸೋಸಬೇಕಾದದ್ದು ಆಗಲೇ. ಸೋಸಿ, ತಣಿಸಿ, ನಿಂಬೆ ಹಿಂಡಿದರೆ ನೇರಳೆ ಹೋಗಿ ಕಣ್ಣು ಕುಕ್ಕುವ ಕೆಂಪಾಗುತ್ತದೆ. ಕುಡಿದರೆ ಗಂಟಲು ತಂಪಾಗುತ್ತದೆ. ಎಸಳು ಕುದಿಯಬಾರದು, ಅಷ್ಟೇ. ಕುದ್ದರೆ ನೀರು ಅಂಟಾಗುತ್ತದೆ.

ಅವಳು ಸೋಸಲಿಲ್ಲ. ಪಾತ್ರೆಯನ್ನು ಒಲೆಯ ಮೇಲೇ ಬಿಟ್ಟು, ಮುಟ್ಟಿದರೆ ಕೈ ಸುಡದಷ್ಟು ಅದು ಆರಿದ ಮೇಲೆ, ಒಗೆದ ಬಟ್ಟೆಯ ಬಕೆಟ್ ಎತ್ತಿಕೊಂಡು ಹಿತ್ತಲಿಗೆ ಹೋದಳು. ಇದರಲ್ಲಿ ಅವಳು ಮಾಡಿದ್ದೇನೂ ಇಲ್ಲ. ಬಟ್ಟೆ ಒಣಗಿಸುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ.

ಒದ್ದೆ ಬೆಡ್‌ಶೀಟನ್ನು ತಂತಿಯ ಮೇಲೆ ಹರವುತ್ತಿದ್ದಾಗ ಅಡುಗೆಮನೆಯಿಂದ ಲೈಟರಿನ ಟಿಕ್ ಟಿಕ್ ಕೇಳಿಸಿತು. "ಅಕ್ಕ, ಬೇಡ" ಎಂದು ಕೂಗಿದ್ದರೆ ಕೇಳಿಸುವಷ್ಟು ಹತ್ತಿರವಿದ್ದಳು. ಬಾಯಿ ಬಿಡಲಿಲ್ಲ. ಬೆಡ್‌ಶೀಟನ್ನು ಮತ್ತೆ ಕೆಳಗೆಳೆದು, ಹಿಂಡಿ ಆಗಿದ್ದನ್ನೇ ಇನ್ನೊಮ್ಮೆ ಹಿಂಡಿದಳು. ಹಾಗೆ ಹಿಂಡುವಾಗ ಅದು ಬಟ್ಟೆ ಎಂದು ಅವಳಿಗೆ ಅನಿಸಲಿಲ್ಲ.

ಒಳಗೆ ಬಂದಾಗ ಉರಿ ಆರಿತ್ತು. ತಟ್ಟೆಯಂಚಿನಲ್ಲಿ ನೊರೆ ಒಣಗಿತ್ತು. ಹಚ್ಚಿದವಳು, ಎಸಳು ಕುದ್ದರೆ ಏನಾಗುತ್ತದೆಂದು ಅರಿಯದೆ, ಈ ಸಲವೂ ತಾನೇ ಆರಿಸಿ, ಸದ್ದಿಲ್ಲದೆ ಕೋಣೆ ಸೇರಿದ್ದಳು. ಕಿರಿಯವಳು ಸೋಸಿದಳು, ಸಕ್ಕರೆ ಕದಡಿದಳು, ನಿಂಬೆ ಹಿಂಡಿದಳು, ಐಸ್ ಹಾಕಿದಳು. ನೋಡುವುದಕ್ಕೆ ಎಂದಿಗಿಂತ ಚಂದದ ಕೆಂಪು. ಚಮಚ ಎತ್ತಿದರೆ ಎಳೆ ಗೇಣುದ್ದ ಇಳಿಯಿತು. ಲೋಟಗಳಿಗೆ ತುಂಬಿಸಿ ಟ್ರೇಯಲ್ಲಿ ಜೋಡಿಸಿದಳು.

ನಡುಮನೆಯ ಬಾಗಿಲಲ್ಲೇ ಹಿರಿಯವಳು ಟ್ರೇ ಕಿತ್ತುಕೊಂಡಳು. "ಕೊಡಿಲ್ಲಿ, ನಾನು ಕೊಡ್ತೀನಿ."

"ಬಣ್ಣ ಚೆನ್ನಾಗಿದೆಯಲ್ಲೇ" ಎಂದಳು ಅವಳ ಅತ್ತಿಗೆ, ಲೋಟವನ್ನು ಬೆಳಕಿಗೆ ಹಿಡಿದು. "ಯಾರು ಮಾಡಿದ್ದು?"

"ಇನ್ಯಾರು ಮಾಡ್ತಾರೆ ಅತ್ತಿಗೆ? ಬೆಳಿಗ್ಗೆ ಎದ್ದು ನಾನೇ ಹೂ ಕಿತ್ತು ಮಾಡ್ದೆ. ಈ ಮನೇಲಿ ಬೇರೆಯವರ ಕೈಗೆ ಬಿಟ್ರೆ ಕೆಡಿಸ್ತಾರೆ."

ಅತ್ತಿಗೆ ಒಂದು ಗುಟುಕು ಎಳೆದು ಲೋಟವನ್ನು ಕೆಳಗಿಳಿಸಿದಳು. ಲೋಟ ಬಂತು, ಶರಬತ್ತು ಬರಲಿಲ್ಲ. ತುಟಿಯಿಂದ ಹೊಳೆಯುವ ಎಳೆಯೊಂದು ಜೋತಾಡಿತು. ಅವಳು ಅದನ್ನು ಬೆರಳಿಗೆ ಸುತ್ತಿ ತುಂಡು ಮಾಡಿ, ಬೆರಳನ್ನೇ ನೋಡಿದಳು.

"ನಮ್ಮ ಡಾಕ್ಟ್ರ ಕುರ್ಚೀಲಿ ಬಾಯಿ ಬಿಟ್ಕೊಂಡು ಕೂತವರ ಜೊಲ್ಲು ಹೀಗೇ ಇರತ್ತೆ. ಅದಕ್ಕೆ ಸಕ್ಕರೆ ಹಾಕಲ್ಲ, ಅಷ್ಟೇ ವ್ಯತ್ಯಾಸ."

ಅಣ್ಣನಿಗೆ ನಗು ತಡೆಯದೆ ಮೂಗಿನಿಂದ ಕೆಂಪು ಹಾರಿತು. ಭಾವನೂ ನಕ್ಕ. ಹಿರಿಯವಳ ಮುಖ ಕಪ್ಪಿಟ್ಟಿತು. "ಇವಳು, ಇವಳು ಮಾಡಿದ್ದು" ಎಂದು ಬಾಗಿಲ ಕಡೆ ಕೈ ತೋರಿಸಿದಳು.

"ಈಗ ತಾನೆ ನೀನು ಅಂದೆ?" ಎಂದಳು ಅತ್ತಿಗೆ.

ಕಿರಿಯವಳು ಜಗಳಕ್ಕೆ ಇಳಿಯಲಿಲ್ಲ. ಮೂಲೆಯಲ್ಲಿ ಕೂತಿದ್ದ ಅತ್ತೆಯ ಕಡೆ ತಿರುಗಿ, ಮೆಲ್ಲಗೆ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. "ಅತ್ತೆ, ಹೂವಿನ ಪಾತ್ರೆಗೆ ಉರಿ ಹಚ್ಚಿದ್ದು ಯಾರು?"

ಈ ಸಲ ಕೇಳಿದ್ದರಲ್ಲ, ಅತ್ತೆ ಹೇಳಿದರು. "ಹಿರಿಯವಳು. ಇವತ್ತೂ ಅವಳೇ, ಅವತ್ತೂ ಅವಳೇ."

ಹಿರಿಯವಳ ಮಗನೇ, ಹೆತ್ತ ಮಗನೇ, ಚಪ್ಪಾಳೆ ತಟ್ಟಿದ. "ಹಂಗಾದ್ರೆ ಅಮ್ಮನೇ ದೊಡ್ಡ ಲೋಳೆ."

ಊಟ ಮುಗಿಯುವಷ್ಟರಲ್ಲಿ ಹೆಸರು ಎಲ್ಲರ ನಾಲಿಗೆಗೂ ಪಳಗಿತ್ತು. "ದೊಡ್ಡ ಲೋಳೆ, ಉಪ್ಪು ಕೊಡು" ಎಂದಳು ಅತ್ತಿಗೆ. "ದೊಡ್ಡ ಲೋಳೆ, ನೀರು" ಎಂದ ಅಣ್ಣ. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಮತ್ತೊಮ್ಮೆ ಅಂದರು. ಕಿರಿಯವಳು ಬಡಿಸುತ್ತ, ಒಂದೊಂದು ಸಲವೂ ಓರಗಿತ್ತಿಯ ದವಡೆ ಬಿಗಿಯುವುದನ್ನು ಹಸಿದವಳು ಅನ್ನ ನೋಡುವ ಹಾಗೆ ನೋಡಿದಳು.

ನೆಂಟರು ಹೋದ ಮೇಲೆ ಹಿರಿಯವಳು ಅಡುಗೆಮನೆಗೆ ಬಂದಳು. ಕಣ್ಣು ಕೆಂಪಾಗಿತ್ತು.

"ಬೇಕು ಅಂತಲೇ ಮಾಡಿದ್ಯಾ?"

"ಬಟ್ಟೆ ಒಣಗಿಸ್ತಿದ್ದೆ ಅಕ್ಕ."

"ಮಕ್ಕಳಿಗಾದ್ರೂ ಹೇಳು, ಹಾಗೆ ಕರೀಬೇಡಿ ಅಂತ."

"ನಾನು ಇಷ್ಟು ವರ್ಷ ಹೇಳ್ದೆ, ಯಾರೂ ಕೇಳ್ಲಿಲ್ಲ. ನೀವು ಹೇಳಿ ನೋಡಿ."

ಹಿರಿಯವಳು ಹೇಳಿದಳು. ನಡುಮನೆಯಲ್ಲಿ ನಿಂತು, ಮಗನ ಬೆನ್ನಿಗೆ ಎರಡು ಬಾರಿಸಿ, ಗಂಡನನ್ನೂ ಸೇರಿಸಿ ಹೇಳಿದಳು: ಇನ್ನು ಈ ಮನೆಯಲ್ಲಿ ದೊಡ್ಡದಾಗಲಿ ಸಣ್ಣದಾಗಲಿ ಆ ಪದ ಯಾರ ಬಾಯಲ್ಲಿ ಬಂದರೂ ಅವರಿಗೆ ಅನ್ನವಿಲ್ಲ. ಸಂಜೆ ಭಾವ ತೊದಲುತ್ತ, "ಒಂದು ಕಾಫಿ ಕೊಡಮ್ಮ" ಎಂದ.

ಹೆಸರು ಇಳಿಯಿತು. ಆದರೆ ಕಿರಿಯವಳ ಹೊಟ್ಟೆಯ ಉರಿ ಇಳಿಯಲಿಲ್ಲ. ತಾನು ವರ್ಷಗಟ್ಟಲೆ ಹೊತ್ತಿದ್ದನ್ನು ಇವಳು ಒಂದು ಮಧ್ಯಾಹ್ನ ಹೊತ್ತು, ಎರಡು ಏಟು ಕೊಟ್ಟು ಕೆಳಗಿಟ್ಟಳು. ಇದ್ಯಾವ ಲೆಕ್ಕ?

ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಾಗ ಪಕ್ಕದ ಮನೆಯ ಟೈಲರ್ ಅಮ್ಮ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದಳು. ಬೀದಿಯ ಹೆಂಗಸರೆಲ್ಲ ಬ್ಲೌಸ್ ಹೊಲಿಸುವುದು ಅವಳ ಹತ್ತಿರವೇ.

"ಏನಮ್ಮ, ಮಧ್ಯಾಹ್ನ ನಿಮ್ಮನೇಲಿ ಅಷ್ಟೊಂದು ನಗು?"

ಕಿರಿಯವಳು ಬಟ್ಟೆಯ ಬಕೆಟನ್ನು ಬೋರಲು ಹಾಕಿ, ಅದರ ಮೇಲೆ ಆರಾಮಾಗಿ ಕೂತಳು.

"ಅಯ್ಯೋ, ಯಾರಿಗೂ ಹೇಳ್ಬೇಡಿ ಮತ್ತೆ" ಎಂದು ಶುರು ಮಾಡಿದಳು.