ತಲೆ ಪೀಠದ ಕಡೆ

ಚರ್ಚಿನ ಬಲಿಪೀಠದ ಮುಂದಿಟ್ಟಿದ್ದ ಶವಪೆಟ್ಟಿಗೆಯ ಕಾಲಿನ ತುದಿಗೆ ಎರಡೂ ಅಂಗೈ ಕೊಟ್ಟು ಅಕ್ಕ ಮತ್ತೊಮ್ಮೆ ನೂಕಿದಳು. ಅದು ಬೆರಳಿನಷ್ಟೂ ಸರಿಯಲಿಲ್ಲ.

“ಬಿಡಿ ಅಕ್ಕಾ, ಸೊಂಟ ಹಿಡ್ಕೊಳುತ್ತೆ,” ಎಂದ ಚರ್ಚಿನ ಗಂಟೆ ಹೊಡೆಯುವ ಮುದುಕ. “ಫಾದರ್ ಬದುಕಿದ್ದಾಗಲೇ ನೀವು ಹೇಳಿದ ಕಡೆ ಹೊರಳಲಿಲ್ಲ.”

“ನೀನೂ ಒಂದು ಕೈ ಹಾಕು. ಕಾಲು ಪೀಠದ ಕಡೆ ಬರಬೇಕು.”

“ಅದು ನಮ್ಮಂಥೋರಿಗೆ. ಪಾದ್ರಿಗಳ ತಲೇನೇ ಪೀಠದ ಕಡೆ. ಸತ್ರೂ ಜನಕ್ಕೆ ಮುಖ ಕೊಟ್ಟಿರಬೇಕು ಅವರು.”

“ನಂಗೊತ್ತಿಲ್ವಾ? ಅದೇ ಬೇಡ ಅಂದಿದ್ದ ನನ್ನ ತಮ್ಮ.”

*

ಹೋದ ವರ್ಷ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಊದಿದ ಕಾಲುಗಳನ್ನು ಬಿಸಿನೀರಿಗೆ ಇಳಿಬಿಟ್ಟು ಹೇಳಿದ್ದ: “ನಲವತ್ತು ವರ್ಷ ಜನರ ಮುಖ ನೋಡಿದೆ ಅಕ್ಕ. ಪೂಜೇಲಿ ನಾನು ರೊಟ್ಟಿ ಎತ್ತಿ ಹಿಡಿದ್ರೆ ಅವರ ಕಣ್ಣಲ್ಲಿ ಏನೋ ಹೊಳೆಯುತ್ತೆ. ಅವರಿಗೆ ಕಾಣೋದು ಕ್ರಿಸ್ತರ ಶರೀರ, ನನ್ನ ಕೈಲಿ ಬರೀ ರೊಟ್ಟಿ. ಸತ್ತಾಗ ನನ್ನನ್ನೂ ಅವರ ಥರಾನೇ ಮಲಗ್ಸು. ಆ ಕಡೆಯಿಂದ ಒಂದ್ಸಲ ನೋಡ್ತೀನಿ.”

“ಹುಚ್ಚ,” ಎಂದು ಅವಳು ನೀರಿಗೆ ಇನ್ನಷ್ಟು ಉಪ್ಪು ಹಾಕಿದ್ದಳು.

ಹದಿನಾಲ್ಕನೇ ವಯಸ್ಸಿನಲ್ಲಿ ಅವನು ಪಾದ್ರಿಯಾಗಲು ಓದುವ ಸೆಮಿನರಿಯಿಂದ ಓಡಿಬಂದಾಗಲೂ ಹಾಗೇ ಅಂದಿದ್ದಳು. ರಟ್ಟೆ ಹಿಡಿದು ಎಳೆದೊಯ್ದು ಗೇಟಿನೊಳಗೆ ಬಿಟ್ಟು ಬಂದವಳು ಅವಳೇ. ಹಿಂದಿನಿಂದ “ಅಕ್ಕಾ” ಎಂದು ಕೂಗಿದ್ದು ಕೇಳಿಸಿತ್ತು. ಅವಳು ತಿರುಗಿರಲಿಲ್ಲ.

*

“ಏನಾದ್ರೂ ಬರೆದುಕೊಟ್ಟಿದಾರಾ?” ಕೇಳಿದ ಹೊಸ ಪಾದ್ರಿ. ಒಳ್ಳೆಯ ಹುಡುಗ, ದನಿ ಏರಿಸಲಿಲ್ಲ.

“ಕಾಲು ತೊಳೆಸ್ಕೊಳ್ಳೋವಾಗ ಯಾರು ಬರೆದುಕೊಡ್ತಾರೆ?”

“ಹಾಗೆ ಮಲಗಿಸಿದ್ರೆ ಜನ ಏನಂತಾರಮ್ಮ? ಪಾದ್ರಿ ಪಟ್ಟ ಕಿತ್ಕೊಂಡ್ರು ಅಂತಾರೆ. ಯಾಕೆ ಹಾಗಂದ್ರು ಹೇಳಿ. ಬಿಷಪ್‌ರನ್ನ ನಾನೇ ಕೇಳ್ತೀನಿ.”

ಬರೀ ರೊಟ್ಟಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಆಗಲೇ ಜನ ಒಳಬರುತ್ತಿದ್ದರು. ಅವನು ಮದುವೆ ಮಾಡಿಸಿದವರು, ಅವನು ಹೆಸರಿಟ್ಟವರು, ಅವನು ಮಣ್ಣು ಮಾಡಿದವರ ಹೆಂಡಂದಿರು. ಮುಂದಿನ ಸಾಲಿನಲ್ಲಿ ಒಬ್ಬಾಕೆ ಪೆಟ್ಟಿಗೆಗೆ ಕೈಮುಗಿದು ಬಿಕ್ಕುತ್ತಿದ್ದಳು.

“ಸುಮ್ನೆ ಅಂದಿದ್ದ,” ಎಂದಳು ಅಕ್ಕ.

ತಲೆ ಪೀಠದ ಕಡೆಗೇ ಉಳಿಯಿತು. ಪೂಜೆ ಮುಗಿಯುತ್ತ ಬಂದಾಗ ಹೊಸ ಪಾದ್ರಿ ಪ್ರಸಾದದ ಬಟ್ಟಲು ಹಿಡಿದು ಮೊದಲು ಅವಳ ಬಳಿಗೇ ಇಳಿದು ಬಂದ. ರೊಟ್ಟಿಯ ತೆಳ್ಳನೆಯ ಬಿಳಿ ಬಿಲ್ಲೆಯನ್ನು ಅವಳ ಮುಖದ ಮಟ್ಟಕ್ಕೆ ಎತ್ತಿ ಹಿಡಿದ.

“ಕ್ರಿಸ್ತರ ಶರೀರ.”

ಅವಳು ಅದನ್ನೇ ನೋಡಿದಳು. ಈ ಕಡೆಯಿಂದ, ಕಣ್ಣು ಕಿರಿದು ಮಾಡಿ, ತಮ್ಮನಿಗಾಗಿ ಎಂಬಂತೆ ಬಹಳ ಹೊತ್ತು ನೋಡಿದಳು. ಅದು ರೊಟ್ಟಿಯಾಗಿಯೇ ಉಳಿಯಿತು. ಹಿಂದಿನವರು ಕಾಲು ಬದಲಿಸಿದರು.

“ಬಾಯಿ ತೆಗೀರಿ ಅಕ್ಕಾ,” ಪಿಸುಗುಟ್ಟಿದ ಮುದುಕ.

“ಬೇಡ,” ಎಂದಳು.