ಪ್ಲೇಟಿಗೆ ಹಿಡಿಸದ ನುಡಿ

ಮಾಲಿಂಗಪ್ಪ ಮೂರನೇ ಸಲ ಗಂಟು ಬಿಗಿದ. ಗದ್ದದ ಕೆಳಗಿಂದ ತಂದು ನೆತ್ತಿಯ ಮೇಲೆ ಕಟ್ಟಿದ ಬಿಳಿ ಬಟ್ಟೆ ಮತ್ತೆ ಜಾರಿತು. ಉದ್ದಪ್ಪನ ಬಾಯಿ ಮತ್ತೆ ತೆರೆಯಿತು.

“ಮೂವತ್ತ ವರ್ಷ ಮುಚ್ಚಲಾರದ ಬಾಯಿ,” ಅಂದ ಊರ ಹಿರಿಯ ಶಿದ್ರಾಮ, ಕಟ್ಟೆಯ ಮೇಲಿಂದಲೇ. “ನೀ ಅಂದ ಕೂಡ್ಲೆ ಮುಚ್ಚತೈತೇನು?”

“ಬಟ್ಟಿ ಹೊಸಾದೈತಿ ಕಾಕಾ. ಜಾರತೈತಿ.”

“ಬಿಡು ಹಂಗಾರ. ಪದ ಹೇಳಾಕ ತಯಾರಾಗಿ ಕುಂತಾನ ಅಂತ ತಿಳೀತಾರ ಮಂದಿ.”

ಯಾರೋ ನಕ್ಕರು. ನಕ್ಕವರು ಕೂಡಲೇ ಕೆಮ್ಮಿದರು. ಸತ್ತವರ ಮನೆಯಲ್ಲಿ ನಗು ಬಂದರೆ ಅದನ್ನು ಕೆಮ್ಮಿಗೆ ಬದಲಾಯಿಸಿಕೊಳ್ಳುವುದು ನಾಗನೂರಿನಲ್ಲಿ ಹಿಂದಿನಿಂದ ಬಂದದ್ದು. ಆವತ್ತು ಊರಿಗೆ ಊರೇ ನೆಗಡಿ ಬಂದವರ ಹಾಗೆ ಕೆಮ್ಮುತ್ತಿತ್ತು. ಸತ್ತವನು ಅಂಥವನು.

ಪದ್ಧತಿಯಂತೆ ಹೆಣವನ್ನು ಕೂರಿಸಿದ್ದರು. ಗೋಡೆಗೆ ಬೆನ್ನು, ಕೆಳಗೆ ಕರಿ ಕಂಬಳಿ, ಚಕ್ಕಳಮಕ್ಕಳ ಕಾಲು, ಹಣೆಗೆ ಭಂಡಾರದ ಅರಿಶಿನ. ಬಾಯಿ ಬೇರೆ ತೆರೆದಿತ್ತಾಗಿ, ಎದುರಿಗೊಂದು ಹಾರ್ಮೋನಿಯಂ ಇಟ್ಟರೆ ಸಂತೆಯ ದಿನದ ಉದ್ದಪ್ಪನೇ. ಹುಕ್ಕೇರಿಯಲ್ಲಿದ್ದ ತಂಗಿ ಗುಡ್ಡವ್ವ ಗೋಕಾಕದಲ್ಲಿ ಬಸ್ಸು ಬದಲಿಸಿ ಬರಬೇಕಿತ್ತು. ಅಕಿ ಬಂದ ಮೇಲೆ ಎತ್ತುವುದು ಅಂತ ಮಾತಾಗಿತ್ತು.

ಉದ್ದಪ್ಪನದು ಕುರಿ ಕಾಯುವ ಮನೆತನ. ಅವನನ್ನು ಕುರಿ ಕಾಯಲು ಕಳಿಸಿದರೆ ಸಂಜೆಗೆ ಎರಡು ಕುರಿ ಕಡಿಮೆ, ಒಂದು ಪದ ಹೆಚ್ಚು ಮಾಡಿಕೊಂಡು ಬರುತ್ತಿದ್ದ. ಲೆಕ್ಕ ಸರಿಹೋಯಿತು ಅಂತ ಅವನು, ಹೋಗಲಿಲ್ಲ ಅಂತ ಅಪ್ಪ. ಕೊನೆಗೆ ಕುರಿ ಅಪ್ಪನ ಪಾಲಿಗೆ ಉಳಿದವು, ಸಂತೆ ಮಗನ ಪಾಲಿಗೆ ಬಂತು. ಮೂಡಲಗಿ, ಗೋಕಾಕ, ಹುಕ್ಕೇರಿ: ಎಲ್ಲಿ ಸಂತೆಯೋ ಅಲ್ಲಿ ಉದ್ದಪ್ಪ. ತಾನೇ ಕಟ್ಟುವುದು, ತಾನೇ ಹಾಡುವುದು. ಹಿಂದೆ ನಿಂತು ಹಲಗೆ ಬಾರಿಸಲು, ದನಿಗೂಡಿಸಲು ಮಾಲಿಂಗಪ್ಪ.

ಇಬ್ಬರಿಗೂ ಹೆಸರು ತಂದದ್ದು ‘ಹುಕ್ಕೇರಿ ಮೋಟಾರ’ ಎಂಬ ಪದ. ಹೆಸರು ತಂದದ್ದು ಅನ್ನುವುದು ಮಾತಿನ ಮಾತು. ತರಲಿಲ್ಲ ಅನ್ನುವುದೇ ಕತೆ.

“ಮಾಲಿಂಗಾ, ಒಳಗ ಬಾ,” ಬಾಗಿಲಲ್ಲಿ ಸೀತವ್ವ ಕರೆದಳು. ಉದ್ದಪ್ಪನ ಹೆಂಡತಿ. ಮುಂಜಾನೆಯಿಂದ ಅತ್ತು ದನಿ ಕಟ್ಟಿತ್ತು.

“ಹೇಳ್ರಿ ವೈನಿ.”

“ಎತ್ತೂಕಿಂತ ಮೊದಲ ಮೋಟಾರ ಪದದ ಕಡೀ ನುಡಿ ಹಾಡು.”

ಮಾಲಿಂಗಪ್ಪ ನೆಲ ನೋಡಿದ. “ಹೆಣದ ಮುಂದ ಮೋಟಾರ ಪದ ಹ್ಯಾಂಗ್ರಿ? ಭಜನಾದವರು ಬಂದಾರ.”

“ಭಜನಾದಾಗ ದೇವರ ಹೆಸರ ಬರತೈತಿ. ದೇವರಿಗಿ ಹೆಸರ ಹೇಳಾವ್ರು ಭಾಳ ಮಂದಿ ಅದಾರ. ಇವರಿಗಿ ಮಕ್ಕಳಿಲ್ಲ ಮರಿಯಿಲ್ಲ. ಹೆಸರಂತ ಇರೂದು ಆ ಒಂದ ನುಡ್ಯಾಗ. ಮಣ್ಣ ಹಾಕೂದ್ರಾಗ ನಾಕ ಮಂದಿ ಕಿವೀಗಿ ಬೀಳ್ಲಿ.”

“ನನಗದು ಮರತೈತ್ರಿ. ಹತ್ತ ಹನ್ನೊಂದ ವರ್ಷಾತು.”

“ಪೋಂ ಪೋಂ ಅನ್ನೂದು ಮರತಿಯೇನು?”

ಅವನು ಹೆಗಲ ಮೇಲಿನ ಟವೆಲ್ಲು ತೆಗೆದು ಮತ್ತೆ ಹಾಕಿಕೊಂಡ.

“ನನಗ ಬರತೈತಿ ಅದು,” ಅಂದಳು ಸೀತವ್ವ. “ಅವರು ಕಟ್ಟೂ ಮುಂದ ನಾ ಒಲಿ ಮುಂದಿದ್ದೆ. ಖರೆ ಅದರಾಗ ಅವರ ಹೆಸರೈತಿ. ಮದವ್ಯಾಗ ಒಗಟ ಹಾಕಿ ಒಮ್ಮೆ ಹೇಳೇನಿ. ಮತ್ತ ಹೇಳಿಲ್ಲ. ಇವತ್ತ ಹ್ಯಾಂಗ ಹೇಳ್ಲಿ?”

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವಂತಿಲ್ಲ. ಗಂಡ ಬಾಯಿ ಬಿಟ್ಟುಕೊಂಡು ಕೂತಿದ್ದರೂ ಹೇಳುವಂತಿಲ್ಲ.

*

ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಇಬ್ಬರೂ ಗೋಕಾಕ ರೋಡ ಸ್ಟೇಶನ್ನಿನಲ್ಲಿ ರೈಲು ಹತ್ತಿ ಮುಂಬೈಗೆ ಹೋಗಿದ್ದರು. ಸಂತೆಯಲ್ಲಿ ಪದ ಕೇಳಿದ ಒಬ್ಬ ಏಜೆಂಟ ಪ್ಲೇಟು ಮಾಡಿಸುತ್ತೇನೆ ಅಂತ ಕರೆಸಿದ್ದ. ಪ್ಲೇಟು ಅಂದರೆ ಫೋನೋದ ಮೇಲೆ ತಿರುಗುವ ಕಪ್ಪು ತಾಟು. ಉದ್ದಪ್ಪ ಅಲ್ಲಿಯವರೆಗೆ ಕಂಡ ಪ್ಲೇಟುಗಳಲ್ಲಿ ಭಜಿ ಇರುತ್ತಿತ್ತು.

ರೈಲಿನಲ್ಲಿ ಮಾಲಿಂಗಪ್ಪ ಮೆಲ್ಲಗೆ ಕೇಳಿದ್ದ. “ಅಣ್ಣಾ, ಕಡೀ ನುಡ್ಯಾಗ ನನ್ನ ಹೆಸರೂ ಸೇರಸೂಣೇನು?”

ಪದ ಕಟ್ಟಿದವನು ಕೊನೆಯ ನುಡಿಯಲ್ಲಿ ತನ್ನ ಊರು, ತನ್ನ ಹೆಸರು ಹೇಳಿ ಮುಗಿಸುವುದು ಆ ಕಡೆಯ ರೂಢಿ. ಪದಕ್ಕೆ ಅದೇ ಖಾತೆ ಉತಾರ, ಒಡೆತನದ ಕಾಗದ.

ಉದ್ದಪ್ಪ ನಕ್ಕ. “ಮೋಟಾರದ ಮ್ಯಾಲ ಮಾಲಕನ ಹೆಸರ ಬರೀತಾರ ತಮ್ಮಾ. ಹಾರ್ನಿನ ಹೆಸರ ಯಾರ ಬರೀತಾರ?”

ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. ಮಾಲಿಂಗಪ್ಪನೂ ನಕ್ಕ. ಅವನ ನಗು ಎಲ್ಲರಿಗಿಂತ ಜೋರಾಗಿತ್ತು.

ಕಂಪನಿಯ ಕೋಣೆಯಲ್ಲಿ ಗಾದಿ ಹಚ್ಚಿದ ಗೋಡೆ, ನಡುವೆ ಮೈಕು. ಸಾಹೇಬ ತಿಳಿಸಿ ಹೇಳಿದ: ಪ್ಲೇಟಿನಲ್ಲಿ ಮೂರು ಮಿನಿಟು ಮಾತ್ರ ಹಿಡಿಸುತ್ತದೆ. ಅರ್ಧ ಮಿನಿಟು ಉಳಿದಾಗ ಕೆಂಪು ದೀಪ ಹತ್ತುತ್ತದೆ. ಆಗ ಯಾವ ನುಡಿಯಲ್ಲಿದ್ದರೂ ಬಿಟ್ಟು ಕೊನೆಯ ನುಡಿಗೆ ಹಾರಬೇಕು.

ಉದ್ದಪ್ಪ ಹಾಡುವಾಗ ಕಣ್ಣು ಮುಚ್ಚುವವನು. “ತಮ್ಮಾ, ದೀಪ ನೀ ನೋಡು. ಹತ್ತಿತಂದ್ರ ನನ್ನ ಮೊಣಕಾಲ ಒತ್ತು,” ಅಂದ.

ಮೈಕಿನ ಮುಂದೆ ಇಬ್ಬರೂ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತರು. ಉದ್ದಪ್ಪ ಕಣ್ಣು ಮುಚ್ಚಿ ಎತ್ತಿಕೊಂಡ.

ಮೋಟಾರ ಹತ್ಯಾಳ ಹುಕ್ಕೇರಿ ಸಂತಿಗಿ
ಚಕ್ಕಡಿ ಹೂಡೇನ ನಾ ಹಿಂದಿಂದ
ಗಾಳಿ ಅಕಿ ಪಾಲಿಗಿ, ಧೂಳ ನನ್ನ ಪಾಲಿಗಿ
ಕೂಡೂದ ಯಾವಾಗ ಇನ್ನ ಮುಂದ

“ಪೋಂ... ಪೋಂ,” ಅಂದ ಮಾಲಿಂಗಪ್ಪ. ಪ್ರತಿ ನುಡಿಯ ಕೊನೆಗೂ ಹಾರ್ನು.

ಮೂರನೇ ನುಡಿ ಮುಗಿಯುವ ಹೊತ್ತಿಗೆ ಕೆಂಪು ದೀಪ ಹತ್ತಿತು. ಮಾಲಿಂಗಪ್ಪ ನೋಡಿದ. ಕೈ ಎತ್ತಿದ. ಹಾರ್ನಿನ ಹೆಸರ ಯಾರ ಬರೀತಾರ ಅನ್ನುವ ಮಾತು ಆ ಕೈಯನ್ನು ಗಾಳಿಯಲ್ಲೇ ಹಿಡಿಯಿತು. ಒಂದು ಉಸಿರು ತಡೆದು ಒತ್ತಿದರಾಯಿತು ಅಂದುಕೊಂಡ. ಒಂದು ಉಸಿರು ಎರಡಾಯಿತು. ಉದ್ದಪ್ಪ ಆಗಲೇ ನಾಲ್ಕನೇ ನುಡಿಗೆ ಇಳಿದು ಆರಾಮಾಗಿ ರಾಗ ಎಳೆಯುತ್ತಿದ್ದ. ಆ ನುಡಿ, ಅದರ ಹಾರ್ನು ಮುಗಿದದ್ದೇ ದೀಪ ಆರಿತು. ಸಾಹೇಬ ಗಾಜಿನ ಆಚೆಯಿಂದ ಕೈ ಬೀಸಿದ: ಛಲೋ ಬಂತು, ಮುಂದಿನವರು ಬರ್ರಿ.

ಹೊರಗೆ ಬಂದ ಮೇಲೆ ಉದ್ದಪ್ಪ ಕೇಳಿದ. “ಹತ್ತಿತ್ತೇನೊ ದೀಪ?”

“ನನಗ ಕಾಣ್ಲಿಲ್ಲಣ್ಣಾ.”

“ಇಲ್ಲ ಬಿಡು. ನಾನ ಭಾಳ ಎಳದ್ನಿ.”

ಪ್ಲೇಟು ಬಂದಾಗ ಅದರ ನಡುವಿನ ಕೆಂಪು ಕಾಗದದಲ್ಲಿ ‘ಜನಪದ ಗೀತೆ’ ಅಂತ ಇತ್ತು. ಸಾಲಿ ಮಾಸ್ತರರಿಂದ ಓದಿಸಿಕೊಂಡ ಉದ್ದಪ್ಪ ಬಹಳ ಹೊತ್ತು ಯೋಚಿಸಿ ಕೇಳಿದನಂತೆ: “ಈ ಜನಪದ ಅನ್ನಾಂವ ಯಾವೂರವರಿ ಸರ?”

*

ಪದ ಮಾತ್ರ ಮೋಟಾರಿಗಿಂತ ಜೋರಾಗಿ ಓಡಿತು. ಮೂಡಲಗಿಯ ಚಹಾದಂಗಡಿ, ಗೋಕಾಕ ಫಾಲ್ಸಿನ ಮಿಲ್ಲಿನ ಗೇಟು, ಹುಕ್ಕೇರಿಯ ಸಂತೆ, ಎಲ್ಲ ಕಡೆ ಪೋಂ ಪೋಂ. ಹುಡುಗಿಯರು ಬೀಸುವಾಗ ಹಾಡಿದರು. ಹಾದಿಯಲ್ಲಿ ಎದುರಾದ ಮಂದಿ ಮಾಲಿಂಗಪ್ಪನಿಗೆ “ಏನೋ ಹಾರ್ನ್” ಅಂದರು. ಹೆಸರಿಲ್ಲದ ಪದದಲ್ಲಿ ಹೆಸರು ಬಂದದ್ದು ಹಾರ್ನಿಗೆ ಮಾತ್ರ.

ಹುಕ್ಕೇರಿಯ ಒಂದು ಸಂತೆಯಲ್ಲಿ ಉದ್ದಪ್ಪ ಐದೂ ನುಡಿ ಹಾಡಿ, ಕೊನೆಗೆ ತನ್ನ ಹೆಸರು ಹೇಳಿದ. ಮುಂದೆ ಕೂತಿದ್ದ ಹತ್ತಿ ವ್ಯಾಪಾರಿಯೊಬ್ಬ ಎದ್ದು ನಿಂತ.

“ಏ ಪದಕಾರ, ಪ್ಲೇಟಿನ್ಯಾಗ ಇಲ್ಲದ್ದ ಯಾಕ ಸೇರಸ್ತಿ? ಮಂದಿ ಪದಕ್ಕ ನಿನ್ನ ಹೆಸರ ಹಚ್ಚತೀ, ನಾಚಿಕಿ ಬರೂದಿಲ್ಲ?”

“ಇದು ನಂದರಿ.”

“ನಿಂದ ಆಗಿದ್ರ ಪ್ಲೇಟಿನಾಂವ ನಿನ್ನ ಹೆಸರ ಬಿಡತಿದ್ನೇನು? ಪ್ಲೇಟಿನ್ಯಾಗ ಹಾಡಿದಾವ್ರ ದನಿ ಕೇಳು ಒಮ್ಮೆ. ನಿನಗ ಹಂಗ ಬರೂದಿಲ್ಲ.”

ಉದ್ದಪ್ಪನ ದನಿಗಿಂತ ಪ್ಲೇಟಿನಲ್ಲಿದ್ದ ಅವನದೇ ದನಿ ಮೇಲಾಗಿ ನಿಂತಿತ್ತು. ಉದ್ದಪ್ಪ ಮಾಲಿಂಗಪ್ಪನ ಕಡೆ ನೋಡಿದ. ಹೌದು, ಇವನದೇ ಪದ ಅಂತ ಒಂದು ಮಾತು ಸಾಕಿತ್ತು. ಮಾಲಿಂಗಪ್ಪ ಹಲಗೆಯ ಹಗ್ಗ ಬಿಗಿಯುತ್ತಿದ್ದ.

ಆವತ್ತಿನಿಂದ ಉದ್ದಪ್ಪ ಕೊನೆಯ ನುಡಿ ಹಾಡಲಿಲ್ಲ. ಅದರ ಜೊತೆಗೆ ಇನ್ನೊಂದಾಯಿತು: ಅವಸರ ಅಂಟಿಕೊಂಡಿತು. ಯಾವ ಪದವನ್ನೂ ಬೆನ್ನಟ್ಟಿದವರ ಹಾಗೆ ಹಾಡಿ ಮುಗಿಸತೊಡಗಿದ. ಎಳೆದು ಹಾಡುವುದಕ್ಕೆಂದೇ ಬರುತ್ತಿದ್ದ ಮಂದಿ ಬರುವುದನ್ನು ಬಿಟ್ಟರು. ಕೊನೆಯ ನಾಲ್ಕು ವರ್ಷ ಅವನು ಮತ್ತೆ ಕುರಿಗಳ ಹಿಂದೆ ಇದ್ದ. ಕುರಿ ಅವಸರ ಮಾಡುವುದಿಲ್ಲ.

*

“ವೈನಿ, ಒಂದ ಮಾತ ಹೇಳೂದೈತ್ರಿ.”

ಸೀತವ್ವ ತಂಬಿಗೆ ಹಿಡಿದು ನಿಂತಿದ್ದಳು. “ಹೇಳು.”

“ಮುಂಬೈದಾಗ ಕೆಂಪ ದೀಪ ಹತ್ತಿತ್ತರಿ. ನಾ ನೋಡಿದ್ನಿ. ಮೊಣಕಾಲ ಒತ್ತಲಿಲ್ಲ.”

“ಯಾಕ?”

“ನನ್ನ ಹೆಸರ ಇರಲಿಲ್ಲ ಅದರಾಗ. ಅಷ್ಟ.”

ಸೀತವ್ವ ತಂಬಿಗೆಯನ್ನು ನೆಲಕ್ಕಿಟ್ಟಳು. ನೀರು ಅಲುಗಾಡುವುದು ನಿಲ್ಲುವ ತನಕ ಅದನ್ನೇ ನೋಡಿದಳು.

“ನಾನ ಎಳದ್ನಿ ಸೀತಾ, ಆಶಾಕ ಬಿದ್ದ ಎಳದ್ನಿ ಅಂತಿದ್ರು. ಹನ್ನೊಂದ ವರ್ಷ ಇದನ್ನ ಅಂದ್ರು. ನಿದ್ದ್ಯಾಗ ಸುದ್ದಾ ಲಗೂ ಲಗೂ ಹಾಡತಿದ್ರು.”

“ತಪ್ಪಾತ್ರಿ ವೈನಿ.”

“ನನಗ್ಯಾಕ ಹೇಳತಿ? ಅವರ ಮುಂದ ಹೇಳು. ಇನ್ನೂ ಕುಂತಾರ.”

ಹೊರಗೆ ಗದ್ದಲವಾಯಿತು. ಗುಡ್ಡವ್ವ ಬಂದಿದ್ದಳು. ಅಣ್ಣನ ಕಾಲು ಹಿಡಿದು ಅತ್ತಳು. ಅವಳ ಹಿಂದೆಯೇ ಮೂಡಲಗಿಯ ಚಹಾದಂಗಡಿಯ ಅಲ್ಲಪ್ಪ, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದ ಫೋನೋ ಬಿಚ್ಚುತ್ತ ಬಂದ.

“ಅಂಗಡಿ ಬಂದ ಮಾಡಿ ಬಂದೇನ್ರಿ,” ಅಂದ. “ಉದ್ದಪ್ಪ ಕಾಕಾಗ ಈ ಪದ ಭಾಳ ಸೇರತಿತ್ತು. ಸಂತಿ ದಿನ ಬಂದ ಒಂದ ಕಪ್ ಚಹಾ ಹೇಳಿ, ಇದನ್ನ ಹಚ್ಚಸ್ತಿದ್ದ. ಮುಗಿಯೂತನಕ ಚಹಾ ಮುಟ್ಟತಿರಲಿಲ್ಲ. ಯಾರದೋ ಏನೋ ಪದ, ಖರೆ ಅವಗ ಅಷ್ಟ ಸೇರತಿತ್ತು.”

“ಹೆಣದ ಮುಂದ ಮೋಟಾರ ಪದ ಏನೊ?” ಶಿದ್ರಾಮ ಗದರಿದ.

“ಹಚ್ಚಲಿ,” ಬಾಗಿಲಿನಿಂದ ಸೀತವ್ವ ಅಂದಳು. ಶಿದ್ರಾಮ ಕಟ್ಟೆಯ ಮೇಲೆ ಸರಿದು ಫೋನೋಕ್ಕೆ ಜಾಗ ಮಾಡಿದ.

ಅಲ್ಲಪ್ಪ ಹಿಡಿಕೆ ತಿರುಗಿಸಿ ಮುಳ್ಳು ಇಟ್ಟ. ಖರಖರ ಸದ್ದಿನ ನಡುವಿನಿಂದ ಹನ್ನೊಂದು ವರ್ಷದ ಹಿಂದಿನ ಉದ್ದಪ್ಪ ಎದ್ದು ಬಂದ. ಅವಸರವಿಲ್ಲದ ದನಿ. ಚಕ್ಕಡಿಯಲ್ಲಿ ಕೂತವನಿಗೆ ಎಷ್ಟು ಪುರಸೊತ್ತೋ ಅಷ್ಟು ಪುರಸೊತ್ತು. ಬಟ್ಟೆ ಮತ್ತೆ ಜಾರಿತ್ತು. ತೆರೆದ ಬಾಯಿ, ಮುಚ್ಚಿದ ಕಣ್ಣು: ಪ್ಲೇಟು ಹಾಡುತ್ತಿದೆ ಅಂತ ಯಾರಿಗೂ ಅನ್ನಿಸಲಿಲ್ಲ.

ಮಾಲಿಂಗಪ್ಪ ಹೋಗಿ ಅವನ ಬಾಜೂಕ ಕೂತ. ಮೊಣಕಾಲಿಗೆ ಮೊಣಕಾಲು.

ಮೂರನೇ ನುಡಿ ಮುಗಿಯಿತು. ನಾಲ್ಕನೆಯದು ಬಂತು, ಎಳೆಯಿತು, ಮುಗಿಯಿತು. ಪೋಂ ಪೋಂ ಅಂದಿತು ಮಾಲಿಂಗಪ್ಪನದೇ ಹಳೆಯ ದನಿ. ಆಮೇಲೆ ಬರೀ ಖರ್ ಖರ್. ಅಲ್ಲಪ್ಪ ಮುಳ್ಳು ಎತ್ತಲು ಕೈ ಹಾಕಿದ.

“ಇರಲಿ ಬಿಡೊ,” ಅಂದ ಮಾಲಿಂಗಪ್ಪ.

ಅವನು ಕೈ ಚಾಚಿ ಉದ್ದಪ್ಪನ ಮೊಣಕಾಲನ್ನು ಒತ್ತಿದ. ತಣ್ಣಗೆ, ನೊಗದ ಕಟ್ಟಿಗೆಯ ಹಾಗೆ ಇತ್ತು.

“ದೀಪ ಹತ್ತಿತಣ್ಣಾ,” ಅಂದ.

ಕೊನೆಯ ನುಡಿ ಎತ್ತಿಕೊಂಡ. ಮುಂದೆ ನಿಂತು ಹಾಡಿ ರೂಢಿಯಿಲ್ಲದ ದನಿ. ಎರಡು ಕಡೆ ಒಡೆಯಿತು. ಆದರೂ ಎಳೆದೇ ಹಾಡಿದ.

ಇಳಿಯಾವ್ರು ಇಳೀರಿ, ಬಂದೈತಿ ನಿಮ್ಮೂರ
ಮುಂದಿಂದ ಮೋಟಾರ ಹೊಂಟೀತಪ್ಪ
ಈ ಪದ ಕಟ್ಟಿದವ ನಾಗನೂರ ಉದ್ದಪ್ಪ
ಇಲ್ಲೇ ಇಳದಾನ, ನೆನಪಿಡ್ರೆಪ್ಪ

ಅಲ್ಲಪ್ಪ ಬಾಯಿ ತೆರೆದು ಹೆಣದ ಮುಖ ನೋಡಿದ, ಪ್ಲೇಟು ನೋಡಿದ, ಮತ್ತೆ ಹೆಣದ ಮುಖ ನೋಡಿದ.

ನುಡಿ ಮುಗಿದಿತ್ತು. ಈಗ ಹಾರ್ನು ಬರಬೇಕು. ಹಾರ್ನು ಕೊಡುವವನು ಹಾಡಿ ದಣಿದು ಕೂತಿದ್ದ. ಅವನಿಗೆ ಮುಂದಿನ ಉಸಿರು ಏಳಲಿಲ್ಲ. ಎಲ್ಲರಿಗೂ ಗೊತ್ತಿದ್ದ ಜಾಗ ಖಾಲಿ ಉಳಿಯಿತು.

ಆಗ ಬಾಗಿಲಿನ ಕಡೆಯಿಂದ, ಸೆರಗಿನ ಒಳಗಿಂದ, ಸಣ್ಣಗೆ ಬಂತು:

“ಪೋಂ... ಪೋಂ.”

ಯಾರೂ ಕೆಮ್ಮಲಿಲ್ಲ. ಪ್ಲೇಟು ಖಾಲಿ ಗೆರೆಯಲ್ಲಿ ತಿರುಗುತ್ತಲೇ ಇತ್ತು. ಹೊರುವವರು ಬಂದು ನಿಂತಿದ್ದರು. ಮಾಲಿಂಗಪ್ಪ ಆ ಮೊಣಕಾಲಿನ ಮೇಲಿಂದ ಕೈ ತೆಗೆಯಲಿ ಅಂತ ಕಾಯುತ್ತಿದ್ದರು.